ಹತ್ತು ಎಣಿಸುವವರೆಗೆ

"ಬಾಗಿಲು ಹಾಕಿ ಸುಮ್ನೆ ಹೊರಟುಬಿಟ್ರೆ ಹೆಂಗಪ್ಪಾ?" ನಿರ್ದೇಶಕ ಕುರ್ಚಿಯಿಂದ ಏಳದೆಯೇ ಕೂಗಿದ. "ನೀನೇನು ಅಂಗಡಿ ಬಾಗಿಲು ಹಾಕ್ತಿದ್ದೀಯಾ? ಖಳನಾಯಕ ಕಣಯ್ಯಾ ನೀನು. ಏನಾದ್ರೂ ಮಾಡು."

ಮುಖವಾಡದೊಳಗೆ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಒರೆಸಿಕೊಳ್ಳುವಂತಿಲ್ಲ. ಕಪ್ಪು ರಬ್ಬರಿನ ಆ ಮೂತಿಯನ್ನು ತೊಡಿಸಲು ಇಬ್ಬರು ಬೇಕು, ಕೀಳಲು ಇಬ್ಬರು. ಸೆಟ್ಟಿನಲ್ಲಿ ಎಲ್ಲರಿಗೂ ಅವನು ಮಾಸ್ಕಣ್ಣ. ಧಾರಾವಾಹಿಯಲ್ಲಿ ಆರು ಜನ ಒಂದು ಪಾಳು ಕಟ್ಟಡದಲ್ಲಿ ಸಿಕ್ಕಿಬೀಳುತ್ತಾರೆ, ಮುಖವಾಡದವನು ಒಬ್ಬೊಬ್ಬರನ್ನೇ ಹಿಮದ ಕೋಣೆಗೆ ತಳ್ಳಿ ಬಾಗಿಲು ಜಡಿಯುತ್ತಾನೆ, ಬದುಕಿದವರು ಬದುಕಿದರು. ಆ ಮುಖವಾಡದ ದನಿ ಬೇರೆ ಯಾರದೋ. ತೆರೆಯ ಮೇಲೆ ಅವನ ಹೆಸರೂ ಬರುವುದಿಲ್ಲ. ಬೇಕಾಗಿದ್ದುದು ಆರಡಿ ದಾಟಿದ ಒಂದು ಮೈ. ಸೆಟ್ಟಿನ ಸಾಮಾನು ಹೊರಲು ಬಂದವನಲ್ಲಿ ಅದಿತ್ತು, ಹಿಡಿದು ನಿಲ್ಲಿಸಿದರು.

ಎರಡನೇ ಸಲ ನಟಿಯನ್ನು ಒಳಗೆ ತಳ್ಳಿದ. ಬೆಳ್ಳಿ ಬಣ್ಣ ಬಳಿದ ಪ್ಲೈವುಡ್ ಬಾಗಿಲು. ಚಿಲಕ ಹಾಕಿದ. ಒಳಗಿನಿಂದ ಅವಳು ಬಡಿಯತೊಡಗಿದಳು. ಏನು ಮಾಡಬೇಕೆಂದು ಅವನಿಗೆ ಹೊಳೆಯಲಿಲ್ಲ, ಅವನ ಮೈಗೆ ಹೊಳೆಯಿತು. ಬಗ್ಗಿ ಬಾಗಿಲಿಗೆ ಬಲಗಿವಿ ಒತ್ತಿ, ಒಂದೊಂದೇ ಬೆರಳು ಮಡಿಸುತ್ತ ಹತ್ತು ಎಣಿಸಿದ. ಅವಳು ಬಡಿಯುತ್ತಲೇ ಇದ್ದಳು. ಹತ್ತಾದ ಮೇಲೆ ನೆಟ್ಟಗೆ ನಿಂತು ನಡೆದುಬಿಟ್ಟ.

ನಿರ್ದೇಶಕ ಈ ಸಲ ಎದ್ದು ನಿಂತಿದ್ದ. "ಮೈ ಜುಂ ಅಂತು. ಎಲ್ಲಿಂದ ತಂದೆಯೋ ಇದನ್ನ?"

"ಮುಂಚೆ ಕೋಲ್ಡ್ ಸ್ಟೋರೇಜಲ್ಲಿ ಬಾಗಿಲು ಕಾಯ್ತಿದ್ದೆ ಸಾರ್."

"ನೋಡ್ರಪ್ಪಾ, ತರಬೇತಿ ಆದ ರಾಕ್ಷಸ ಸಿಕ್ಕಿದಾನೆ ನಮಗೆ." ಎಲ್ಲರೂ ನಕ್ಕರು. ನಟಿ ಮಾತ್ರ ಹೊರಗೆ ಬಂದು, "ಅಣ್ಣಾ, ನೀವು ಉಸಿರಾಡೋದು ನಂಗೆ ಒಳಗೆ ಕೇಳಿಸ್ತಿತ್ತು" ಎಂದಳು.

ನಿಜವಾದ ಬಾಗಿಲು ಒಂದು ಗೇಣು ದಪ್ಪ. ಅದರಾಚೆಗೆ ಉಸಿರು ಕೇಳಿಸುವುದಿಲ್ಲ. ಅದಕ್ಕೇ ಅಲ್ಲೊಂದು ಕ್ರಮವಿತ್ತು. ಒಳಗೆ ಹೋಗುವವನು ಹಲಗೆಯ ಮೇಲಿನ ತನ್ನ ನಂಬರಿನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹೊರಗೆ ಬಂದು ಮತ್ತೆ ಮೊಳೆಗೆ ತೂಗುಹಾಕಬೇಕು. ಬಿಲ್ಲೆಗಳೆಲ್ಲ ಬಂದ ಮೇಲೆ ಬಾಗಿಲು ಕಾಯುವವನು ಚಿಲಕ ಹಾಕಿ, ಎರಡು ಸಲ ಬಡಿದು, ಕಿವಿಯಿಟ್ಟು ಹತ್ತು ಎಣಿಸಬೇಕು. ಆದರೆ ಪಾಳಿ ಮುಗಿಯುವಾಗ ಕೈಯೆಲ್ಲ ಮರಗಟ್ಟಿರುತ್ತಿತ್ತು, ಹಲಗೆಯ ಮುಂದೆ ನೂಕುನುಗ್ಗಲು. ನಾಲ್ಕು ಜನ ತಮ್ಮ ಬಿಲ್ಲೆಗಳನ್ನು ಒಬ್ಬನ ಅಂಗೈಗೆ ಸುರಿದುಬಿಡುತ್ತಿದ್ದರು, ಅವನೇ ಎಲ್ಲರದನ್ನೂ ಸಿಕ್ಕಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ, ಒಂದು ಸಂಜೆ, ಹಾಗೆ ಮಾಸ್ಕಣ್ಣನ ತಮ್ಮನ ಬಿಲ್ಲೆ ಹೊರಗೆ ಬಂತು. ಕೊನೆಯ ಪೆಟ್ಟಿಗೆ ಜೋಡಿಸುತ್ತಿದ್ದ ತಮ್ಮ ಬರಲಿಲ್ಲ. ಹಲಗೆ ತುಂಬಿತ್ತು, ಬಸ್ಸು ಹೊರಡುವುದರಲ್ಲಿತ್ತು. ಅಣ್ಣ ಚಿಲಕ ಹಾಕಿ ಓಡಿದ.

ವಿಚಾರಣೆಗೆ ಬಂದ ಕೋಟಿನವರಿಗೆ ಬಾಗಿಲ ಒಳಬದಿಯ ಹಿಡಿ ಮುರಿದು ಐದು ತಿಂಗಳಾಗಿದ್ದ ಸಂಗತಿ ಬೇಕಿರಲಿಲ್ಲ. ಕಿವಿಯಿಟ್ಟೆಯಾ ಎಂದರು. ಇಟ್ಟೆ ಎಂದ. ಸದ್ದಿತ್ತಾ? ಇರಲಿಲ್ಲ ಎಂದ. ರೋಗಿ ಬಯಸಿದ್ದೂ ಅದೇ, ವೈದ್ಯ ಹೇಳಿದ್ದೂ ಅದೇ. ನಿಯಮ ಪಾಲನೆಯಾಗಿದೆ, ಕೆಲಸಗಾರ ಒಳಗೆ ಮಲಗಿ ನಿದ್ದೆಹೋಗಿದ್ದ, ಅಜಾಗರೂಕತೆ ಅವನದೇ ಎಂದು ಮೂರು ಸಾಲು ಗೀಚಿ, ಅಣ್ಣನ ಬೆನ್ನು ತಟ್ಟಿ, ಚಹಾ ಕುಡಿದು ಎದ್ದುಹೋದರು. ಸತ್ತವನು ಎದ್ದು ಬಂದು ಎದುರು ಮಾತಾಡುತ್ತಾನೆಯೇ?

ಆ ಮೂರು ಸಾಲನ್ನು ಅಮ್ಮ ನಂಬಿದಳು. ಅತ್ತು ಮುಗಿದ ಮೇಲೆ ಸತ್ತ ಮಗನನ್ನು ಬೈಯಲು ಶುರುಮಾಡಿದವಳು ಇನ್ನೂ ನಿಲ್ಲಿಸಿರಲಿಲ್ಲ.

ಚಿತ್ರೀಕರಣದ ಮುಂದಿನ ವಾರ, ಸಂಜೆ ಆ ಕಂತು ಬರುವಾಗ ಅವಳು ಅವನ ಅಂಗಿಗೆ ಗುಂಡಿ ಹೊಲಿಯುತ್ತ ಟಿ.ವಿ. ಮುಂದೆ ಕೂತಿದ್ದಳು.

"ಇವತ್ತು ಬೇಡಮ್ಮಾ, ಬೇರೆ ಏನಾದ್ರೂ ನೋಡು."

"ಸುಮ್ನಿರೋ. ಅಗೋ, ನಿನ್ನ ಮೂತಿ ಬಂತು. ಸ್ವಂತದ್ದಕ್ಕಿಂತ ಅದೇ ಲಕ್ಷಣವಾಗಿದೆ."

ತೆರೆಯ ಮೇಲೆ ಚಿಲಕ ಬಿತ್ತು. ಮುಖವಾಡ ಬಗ್ಗಿ ಬಾಗಿಲಿಗೆ ಕಿವಿ ಒತ್ತಿತು. ಅಮ್ಮನ ಸೂಜಿ ಅರ್ಧಕ್ಕೆ ನಿಂತಿತು.

"ಅವತ್ತೂ ಹಿಂಗೇ ಇಟ್ಟಿದ್ದೆ ಅಲ್ವೇನೋ ಕಿವಿ" ಎಂದಳು ಮೆಲ್ಲಗೆ.

ಅವನು ರಿಮೋಟಿಗೆ ಕೈ ಚಾಚಿದ.

"ಆ ಹುಡುಗಿ ನೋಡು, ಹೆಂಗೆ ಬಡೀತಾಳೆ. ಬದುಕ್ಬೇಕು ಅನ್ನೋರು ಹಂಗೆ ಬಡೀತಾರೆ. ನನ್ನ ಹೊಟ್ಟೇಲಿ ಹುಟ್ಟಿತ್ತಲ್ಲ ಒಂದು ಕುಂಭಕರ್ಣ, ಹಿಮದಲ್ಲೂ ನಿದ್ದೆ ಹೊಡೀತು. ಸಾಯೋದ್ರಲ್ಲೂ ಸೋಮಾರಿತನ."

"ಬಡಿದಿದ್ದ ಅಮ್ಮಾ."

"ಏನು?"

"ಬಡಿದಿದ್ದ. ನಾನೇ ಕಿವಿ ಇಡ್ಲಿಲ್ಲ. ಬಸ್ಸಿಗೆ ಓಡಿಬಿಟ್ಟೆ."

ಅಮ್ಮ ಗುಂಡಿಯನ್ನೇ ನೋಡುತ್ತ ಕೂತಳು. ದಾರವನ್ನು ಹಲ್ಲಿನಿಂದ ಕಡಿಯಲು ಬಾಯಿಯವರೆಗೆ ತಂದು, ಹಾಗೇ ಕೆಳಗಿಳಿಸಿದಳು.

"ಮನೆಗೆ ತಂದಾಗ ಕೈಗೆ ಬಟ್ಟೆ ಸುತ್ತಿತ್ತು. ಹೆಣಕ್ಕೆ ಹಂಗೇ ಸುತ್ತೋದು ಅಂದಿದ್ದೆ ನೀನು."

"ಗೆಣ್ಣೆಲ್ಲ ಒಡೆದುಹೋಗಿತ್ತು."

"ಸುತ್ತಿದ್ದು ಯಾರು?"

"ನಾನೇ."

"ನಾಲ್ಕು ವರ್ಷ ಬೈದ್ನಲ್ಲೋ ನಾನು ಅವನನ್ನ" ಎಂದಳು. ದನಿ ಏರಲಿಲ್ಲ. "ದಿನಾ ಬೈದೆ. ನೀನು ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ."

ಮಂಡಿಗೆ ಕೈಕೊಟ್ಟು ಎದ್ದಳು. ಅವನು ಚಾಚಿದ ಕೈಯನ್ನು ಹಿಡಿಯಲಿಲ್ಲ. ಅಂಗಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು, ಸೂಜಿ ಅದರಲ್ಲೇ ಇತ್ತು. ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು.

ತೆರೆಯ ಮೇಲೆ ಅವನು ಉದ್ದನೆಯ ಓಣಿಯಲ್ಲಿ ನಡೆದುಹೋಗುತ್ತಿದ್ದ, ಬೇರೆ ಯಾರದೋ ದನಿಯಲ್ಲಿ ನಗುತ್ತಿದ್ದ. ಟಿ.ವಿ. ಆರಿಸಿದ. ಒಳಕೋಣೆಯ ಬಾಗಿಲ ಮುಂದೆ ಬಂದು ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ. ಬಗ್ಗಿ, ಬಲಗಿವಿ ಒತ್ತಿ, ಬೆರಳು ಮಡಿಸತೊಡಗಿದ.

ಹತ್ತಾಯಿತು. ಎರಡೂ ಕೈ ಮುಷ್ಟಿಯಾಗಿದ್ದವು. ಬೆರಳುಗಳನ್ನು ಬಿಡಿಸಿ, ಕಿವಿ ತೆಗೆಯದೆ, ಮತ್ತೆ ಒಂದರಿಂದ ಎಣಿಸಿದ.