ಮಂಚ ಹೋಗಿ ಬರಲಿ

ತಬ್ರೇಜ ಹೊಸ ಬ್ಲೇಡಿನ ಕಾಗದ ಹರಿದು ಚಂದಪ್ಪನ ಕಾಲ ಬಳಿ ಕೂತ. ಗೋರಿ ತೋಡುತ್ತಿದ್ದ ಚಂದಪ್ಪನಿಗೆ ಹಾವು ಕಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ. ಖಬರಸ್ತಾನ ಮನೆಯ ಹಿಂದೆಯೇ ಇತ್ತು. ಇಬ್ಬರು ಅವನನ್ನು ಹೊತ್ತು ತಂದು ಅಂಗಳದಲ್ಲಿ ಮಲಗಿಸಿದ್ದರು. ಮೂವತ್ತು ವರ್ಷಗಳಿಂದ ಅವನ ಗೆಳೆಯನಾಗಿದ್ದ ಚಮನಸಾಬ ಪಡಸಾಲೆಯಲ್ಲಿ ಹೆಣದ ಬಟ್ಟೆ ಕಫನ್ ಸುತ್ತಿಸಿಕೊಂಡು ಮಣ್ಣಿಗೆ ಕಾಯುತ್ತಿದ್ದ.

"ಕೊಯ್ದು ಹೀರಿ ಉಗುಳಿದ್ರ ವಿಷ ಹೊರಗ ಬರ್ತೈತಿ. ಎಷ್ಟ್ ಪಿಚ್ಚರದಾಗ ನೋಡಿಲ್ಲ?" ಎಂದ ತಬ್ರೇಜ. ಅವನು ಸತ್ತವನ ತಂಗಿಯ ಮಗ.

ಗಂಡ ಸತ್ತ ಹೆಂಗಸು ಹೊಸ್ತಿಲು ದಾಟಬಾರದು. ಚಮನಸಾಬನ ಹೆಂಡತಿ ಅಖ್ತರಬೇಗಂ ದಾಟಿ ಬಂದು ಬ್ಲೇಡು ಕಸಿದುಕೊಂಡಳು.

"ಇಪ್ಪತ್ತು ವರ್ಷ ನಿಮ್ಮ ಮಾಮಾ ಗಂಟಲ ಹರಕೊಂಡಿದ್ದು ಯಾರ ಸಲುವಾಗೋ? ಇವತ್ತ ಅವರ ಮುಂದನ ಕೊಯ್ಯಾಕ ಕುಂತಿ?"

*

ಹೂವಿನ ಹಿಪ್ಪರಗಿಯ ತಗಡಿನ ಟಾಕೀಜಿನಲ್ಲಿ ಚಮನಸಾಬ ರೀಲು ಓಡಿಸುತ್ತಿದ್ದ. ನಾಯಕಿಯ ಕಾಲಿನಿಂದ ನಾಯಕ ವಿಷ ಹೀರುವುದನ್ನು ದಿನಕ್ಕೆ ಮೂರು ಸಲ ನೋಡಿದವನಿಗೆ, ತಮ್ಮ ದಸ್ತಗೀರಸಾಬನಿಗೆ ಹಾವು ಕಚ್ಚಿದಾಗ ಯಾರನ್ನೂ ಕೇಳಬೇಕೆನಿಸಲಿಲ್ಲ. ಕೊಯ್ದ, ಹೀರಿದ, ಉಗುಳಿದ. ನಾಯಕಿಯಂತೆ ತಮ್ಮನೂ ಕಣ್ಣು ತೆರೆಯುತ್ತಾನೆಂದು ಒಂದು ತಾಸು ಕಾದ. ಬಸವನ ಬಾಗೇವಾಡಿಯ ದವಾಖಾನೆ ಮುಟ್ಟುವಷ್ಟರಲ್ಲಿ ತಮ್ಮ ತಣ್ಣಗಾಗಿದ್ದ.

"ಹೀರಿದ್ರ ವಿಷ ಬರೂದಿಲ್ಲೊ ಮಾರಾಯಾ," ಎಂದಿದ್ದರು ಡಾಕ್ಟರು. "ಕಾಲು ಅಲುಗದಂಗ ಕಟ್ಟಿ ಸೀದಾ ತರಬೇಕಿತ್ತು."

ಆಮೇಲೆ ಅಂಥ ದೃಶ್ಯ ಬಂದಾಗಲೆಲ್ಲ ಚಮನಸಾಬ ಯಂತ್ರದ ಬೆಳಕಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ತೆರೆ ಕಪ್ಪಾಗುತ್ತಿತ್ತು. ಕಿಂಡಿಯಿಂದ ಅವನ ಕೂಗು ಬರುತ್ತಿತ್ತು: "ಸುಳ್ಳೈತ್ರಿ ಇದು! ದವಾಖಾನಿಗೆ ಒಯ್ರಿ!" ಜನ ಸೀಟಿ ಹೊಡೆದರು, ಶೇಂಗಾ ಸಿಪ್ಪೆ ಎಸೆದರು. ಮಾಲೀಕ ಎರಡು ಸಲ ಕೆಲಸದಿಂದ ತೆಗೆದು, ರೀಲು ಹರಿಯದಂತೆ ಓಡಿಸುವ ಇನ್ನೊಬ್ಬ ಸಿಗದೆ ಎರಡು ಸಲವೂ ಕರೆದ. ಬಂದ ಮರುದಿನವೇ ಅಂಗೈ ಮತ್ತೆ ಅಡ್ಡ. ತೊಂಬತ್ತೆಂಟರಲ್ಲಿ ಕೇಬಲ್ ಬಂದು ಟಾಕೀಜು ಮುಚ್ಚಿದ ಮೇಲೆ, ನೆರೆಮನೆಯ ಟೀವಿಯ ಮುಂದೆಯೂ ಹಾಗೇ ನಿಂತು ಬೈಸಿಕೊಂಡ.

*

ಅಖ್ತರಬೇಗಂ ಉಳಿದ ಕಫನ್ ಬಟ್ಟೆಯಿಂದ ಪಟ್ಟಿ ಹರಿದು, ಬಿದಿರಿನ ದಬ್ಬೆ ಇಟ್ಟು ಕಾಲು ಕಟ್ಟಿದಳು. ದವಾಖಾನೆಗೆ ಒಯ್ಯಲು ಟೆಂಪೋ ರಸ್ತೆಯಲ್ಲಿತ್ತು; ನಡುವೆ ಮೊಣಕಾಲುದ್ದ ಎರೆಮಣ್ಣಿನ ಕೆಸರು. ಮಲಗಿಸಿಕೊಂಡೇ ಒಯ್ಯಬೇಕು. ಗೋಡೆಗೆ ಜನಾಜಾದ ಮಂಚ ಒರಗಿತ್ತು. ಅವಳು ಅದನ್ನು ತೋರಿಸಿದಳು.

"ಅದು ಹೆಣ ಹೊರೂದು," ಮಸೀದಿಯ ಹಿರಿಯ ಕುತುಬುದ್ದೀನ ಅಡ್ಡ ನಿಂತರು. "ಜೀವ ಇದ್ದವ್ರನ್ನ ಹಾಕೂದು ಅಪಶಕುನ. ಮಣ್ಣಿಗೂ ತಡ ಆಗ್ತೈತಿ."

"ಹಂಗಾರ ಚಂದಪ್ಪ ಸಾಯೂ ತನಕ ಕಾಯೂನೇನ್ರಿ? ನಮ್ಮವರಿಗೆ ಇನ್ನೇನೂ ಅವಸರ ಇಲ್ಲ. ಮಂಚ ಹೋಗಿ ಬರಲಿ."

"ಭಾಬಿ, ಅದರ ಮ್ಯಾಲ ಬ್ಯಾಡ್ರಿ..." ಚಂದಪ್ಪ ಏಳಹೋದ.

"ಬಾಯಿ ಮುಚ್ಕೊಂಡು ಮಲ್ಕೊ. ಅಲುಗಬ್ಯಾಡ."

ಮೊದಲು ಹೆಗಲು ಕೊಟ್ಟವನು ತಬ್ರೇಜ.

*

ಇಳಿಹೊತ್ತಿಗೆ ಮಂಚ ತಿರುಗಿ ಬಂತು.

"ಸೂಜಿ ಹಾಕ್ಯಾರ. ಮಾತಾಡಾಕತ್ತಾನ," ಎಂದ ತಬ್ರೇಜ. "ಮಂಚ ಲಗೂನ ಒಯ್ಯೋ, ಸಾಬ ಕಾಯಾಕತ್ತಾನ ಅಂತ ನನಗ ಬೈದ."

ಅಖ್ತರಬೇಗಂ ಆ ದಿನ ಮೊದಲ ಸಲ ಅತ್ತಳು.

ಮಂಚದ ಮೇಲೆ ಚಂದಪ್ಪನ ರುಮಾಲು ಉಳಿದಿತ್ತು, ಬೆವರಿಗೆ ಒದ್ದೆಯಾಗಿ. ಅದನ್ನು ತೆಗೆದೆಸೆಯಲು ಕುತುಬುದ್ದೀನ ಕೈಚಾಚಿದರು. ಎಸೆಯಲಿಲ್ಲ. ಮಡಚಿ, ಚಮನಸಾಬನ ತಲೆ ಬರುವ ಕಡೆಗೆ ಇಟ್ಟರು.