ಹಿಂಭಾರ

ವಿಮಾನದ ಮುಂದಿನ ಗಾಲಿಗೂ ನೆಲಕ್ಕೂ ನಡುವೆ ಬೆಳಕು ಕಂಡದ್ದು ಗಾಡಿ ಹೊಡೆಯುವ ಕದಿರಪ್ಪನ ಕಣ್ಣಿಗೆ ಮಾತ್ರ. ಅವನು ಅಡ್ಡ ಕಟ್ಟಿದ್ದ ಹಗ್ಗದ ಆಚೆ, ಗಾಡಿಗಳ ಸಾಲಿನ ಕೊನೆಯಲ್ಲಿ ನಿಂತಿದ್ದ. ಕೇರಿಯವರ ಗಾಡಿ ಕೊನೆಗಿರಲಿ, ಅವರು ಯಾರೂ ಹತ್ತಿರ ಸುಳಿಯುವುದು ಬೇಡ ಎಂದು ಊರ ಯಜಮಾನ ರಾಮಲಿಂಗಯ್ಯ ಬೆಳಿಗ್ಗೆಯೇ ಕಟ್ಟಳೆ ಮಾಡಿದ್ದ.

ಚೀನಾ ಯುದ್ಧ ಮುಗಿದ ಮರುಬೇಸಿಗೆ. ಎಂಜಿನ್ ಕೆಟ್ಟು, ತೆಲುಗು ಗಡಿಯ ರೊದ್ದಂ ಬಳಿಯ ಒಣಕೆರೆಯಲ್ಲಿ ಇಳಿದಿದ್ದ ಮಿಲಿಟರಿ ಸಾಮಾನಿನ ವಿಮಾನ ರಿಪೇರಿಯಾಗಿತ್ತು. ಭಾರ ಇಳಿಸದೆ ಅದು ಅಷ್ಟು ಚಿಕ್ಕ ಅಂಗಳದಿಂದ ಏಳುವಂತಿಲ್ಲ. ಲಾರಿಗೆ ಕೆರೆ ಏರಿ ದಾಟಲು ದಾರಿಯಿಲ್ಲ. ಅದಕ್ಕೇ ಹತ್ತು ಎತ್ತಿನ ಗಾಡಿ ಕರೆಸಿದ್ದರು.

ಕದಿರಪ್ಪನ ಹೆಂಡತಿ ಗೌರಕ್ಕ ಹಟ ಹಿಡಿದು ಗಾಡಿ ಹತ್ತಿ ಬಂದಿದ್ದಳು. ವಿಮಾನದ ಹೊಟ್ಟೆಯೊಳಗನ್ನೊಮ್ಮೆ ನೋಡಬೇಕು, ಕಲ್ಯಾಣದುರ್ಗದ ತವರಿಗೆ ಹೋದಾಗ ಕಣ್ಣಾರೆ ಕಂಡೆ ಅನ್ನಬೇಕು. ತೋರಿಸುತ್ತೇನೆಂದು ಅವನೂ ಮೀಸೆ ತಿರುವಿದ್ದ. ಈಗ ಹಗ್ಗ ನೋಡಿ ಅವಳು ಚುಚ್ಚುತ್ತಿದ್ದಳು.

"ಎಲ್ಡು ಬಾಲ ಐತೆ, ಬೆನ್ನ ಮ್ಯಾಲೆ ಇನ್ನೊಂದು ಎಂಜಿನ್ನು ಕೂಸ್‌ಮರಿ ಕುಂತೈತೆ. ಇಷ್ಟು ಏರಿ ಮ್ಯಾಲಿಂದ್ಲೇ ಕಂಡಿದ್ದೆ ಕಣಪ್ಪ. ಹೊಟ್ಟೆ ಯಾವಾಗ ತೋರುಸ್ತೀಯ?"

ಕದಿರಪ್ಪನ ಕಿವಿ ಅಲ್ಲಿರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಸಿಪಾಯಿಗಳು ಪೆಟ್ಟಿಗೆಗಳನ್ನೆಲ್ಲ ಹಿಂದಿನ ಜೋಡಿ ಕದದ ಬಾಯಿಗೇ ಎಳೆದು ಪೇರಿಸಿದ್ದರು. ಅದರಡಿಯಲ್ಲೇ ನಾಲ್ಕು ಜನ ಹಮಾಲಿಗಳು.

ಅವನು ಹಗ್ಗ ಹಾರಿದ. ಹಿಂದೆ ಭಾರ ಹೆಚ್ಚಾಗಿ ಗಾಡಿಯ ನೊಗ ಮೇಲೆದ್ದರೆ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ: ಮುಂಗಾಲಿಯ ಉಕ್ಕಿನ ಕಂಬ ತಬ್ಬಿ, ಮೊಣಕಾಲು ಮಡಚಿ ಜೋತುಬಿದ್ದ. ರಾಮಲಿಂಗಯ್ಯ ತೆಲುಗಿನಲ್ಲಿ ಬೈಗುಳ ಸುರಿಸಿದ. ಒಬ್ಬ ಸಿಪಾಯಿ ಬಂದು ಜುಟ್ಟು ಹಿಡಿದ.

"ಆಮ್ಯಾಕೆ ಹೊಡೀರಿ ಸಾಮಿ, ಹಿಂಭಾರ ಆಗೈತೆ. ಕೆಳಗಿರೋರು ಈಚೆ ಬರ್ಲಿ. ನಾಕು ಜನ ಮುಂದಕ್ಕೆ ಹತ್ರಿ."

ಬೆಂಗಳೂರಿನಿಂದ ಬಂದಿದ್ದ ಮೆಕ್ಯಾನಿಕ್ ಶಂಕರಯ್ಯ ಬಗ್ಗಿ ಗಾಲಿ ನೋಡಿ ಬಿಳಿಚಿಕೊಂಡ. ಹಿಂಭಾಗದ ಅಡಿಗೆ ಆಸರೆಯಾಗಿ ಕೊಡುವ ಕಬ್ಬಿಣದ ಊರೆಯನ್ನು ತರುವುದನ್ನೇ ಮರೆತಿದ್ದರು. ಅವನು ಕೂಗಿದ್ದೇ ಹಮಾಲಿಗಳು ಚೆದುರಿದರು, ಒಳಗಿದ್ದ ಸಿಪಾಯಿಗಳು ಮುಂದಕ್ಕೆ ಓಡಿದರು. ಗಾಲಿ ಮೆಲ್ಲಗೆ ಮಣ್ಣು ಮುಟ್ಟಿತು. ಕದಿರಪ್ಪ ಹತ್ತೂ ಗಾಡಿಗಳ ಊರೆಗೋಲು ಒಟ್ಟುಮಾಡಿ, ತಡೆಗೆ ಕಟ್ಟಿದ್ದ ಹಗ್ಗವನ್ನೇ ಬಿಚ್ಚಿ ಬಿಗಿದು, ಹಿಂಭಾಗದ ಅಡಿಗೆ ನಿಲ್ಲಿಸಿದ.

ಏನು ಬೇಕು ಕೇಳು ಎಂದ ಶಂಕರಯ್ಯ.

"ನಮ್ಮೋಳು ಒಸಿ ಒಳಾಕೆ ಹತ್ತಿ ನೋಡ್ಬೇಕಂತೆ."

ರಾಮಲಿಂಗಯ್ಯ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶಂಕರಯ್ಯ ಅವಳನ್ನು ಹತ್ತಿಸಲು ಕೈ ಚಾಚಿದ್ದ.

ಗೌರಕ್ಕ ಒಮ್ಮೆ ಇಣುಕಿ ಇಳಿದುಬಿಡಲಿಲ್ಲ. ಕೊನೆಯ ಪೆಟ್ಟಿಗೆ ಗಾಡಿ ಸೇರುವವರೆಗೂ ಒಳಗೆಲ್ಲ ಓಡಾಡಿದಳು. ಹಸುವಿನ ಪಕ್ಕೆ ನೇವರಿಸುವಂತೆ ಗೋಡೆಯ ಲೋಹದ ಎಲುಬುಗಳನ್ನು ಒಂದೊಂದಾಗಿ ನೇವರಿಸಿದಳು. ಆಮೇಲೆ ಬಾಗಿಲ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಕೆಳಗೆ ಬಿಸಿಲಲ್ಲಿ ರಾಮಲಿಂಗಯ್ಯ ತಲೆ ಎತ್ತಿ ನಿಂತಿದ್ದ. ಅವಳು ಸೊಂಟದ ಚೀಲ ಬಿಚ್ಚಿ, ಎರಡು ಎಲೆ ತೆಗೆದು ತೊಡೆಗೆ ಒರೆಸಿಕೊಂಡು, ನಿಧಾನವಾಗಿ ಸುಣ್ಣ ಸವರತೊಡಗಿದಳು.