ಬೆರಳು ಸವರಿದ ಅಳತೆ

ಬೆಳಗಿನ ಎಳೆಬಿಸಿಲು ಅಡುಗೆಮನೆಯ ಕಿಟಕಿಯಿಂದ ಓರೆಯಾಗಿ ಇಳಿದು, ಅಕ್ಕಿಯ ಡಬ್ಬಿಯ ಮೇಲೆ ತೇಲುತ್ತಿದ್ದ ಧೂಳಿನ ಕಣಗಳನ್ನು ಹೊನ್ನಾಗಿಸಿತ್ತು. ಗಡಿಯಾರ ರಿಪೇರಿಯವನು ಎಂದಿನಂತೆ ಹಿತ್ತಾಳೆಯ ಲೋಟದಲ್ಲಿ ಅಕ್ಕಿ ಮೊಗೆದು, ತೋರುಬೆರಳಿನಿಂದ ಅದರ ಮೇಲಂಚನ್ನು ಸವರಿದನು. ಹೆಚ್ಚಾದ ಕಾಳುಗಳು ಸರಸರನೆ ಡಬ್ಬಿಗೆ ಮರಳಿದವು. ಆ ಸದ್ದು ಅವನ ಕಿವಿಗೆ ಜಪದಷ್ಟೇ ಹಿತವಾಗಿತ್ತು. ಮಗಳು ತೊಟ್ಟಿಲಲ್ಲಿದ್ದಾಗ ಗೊತ್ತುಮಾಡಿದ ಅಳತೆಯದು. ಈಗ ಅವಳ ಕೈ ಬಾಗಿಲಿನ ಮೇಲಿನ ಚಿಲಕಕ್ಕೆ ಎಟಕುತ್ತಿತ್ತು.

“ಊರವರ ದಿನಸಿ ಚೀಲ ಎಲ್ಲ ಊದಿಕೊಂಡ್ರೂ ನಮ್ಮದು ದಪ್ಪ ಆಗಿಲ್ಲ ನೋಡು. ಅಂಗಡಿಯವನಿಗೆ ನನ್ನ ಕಂಡ್ರೆ ಹೊಟ್ಟೆಯುರಿ,” ಎಂದು ನಕ್ಕನು.

ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುತ್ತಿದ್ದ ಹೆಂಡತಿ ತಲೆಯೆತ್ತದೆ, “ಇನ್ನೊಂದು ಹಿಡಿ ಹಾಕಬಹುದಿತ್ತೇನೋ ರೀ. ಹುಡುಗಿ ಬೆಳೀತಾ ಇದ್ದಾಳೆ,” ಎಂದಳು.

“ಅವಳ ಓದಿಗೇ ಅಲ್ವೇನೇ ಈ ಉಳಿತಾಯ? ನಾಳೆ ಯಾರ ಮುಂದೆ ಕೈ ಚಾಚೋದು? ಈ ಮನೇಲಿ ಯಾರಾದ್ರೂ ಹಸಿದು ಎದ್ದಿದ್ದಾರಾ?”

ಮೂಲೆಯಲ್ಲಿ ಕುಳಿತಿದ್ದ ಅವನ ತಾಯಿ, “ಚಿಕ್ಕವನಿದ್ದಾಗಲೂ ಹೀಗೇ. ಮಿಠಾಯಿ ನೆಕ್ಕಿ ನೆಕ್ಕಿ ಮತ್ತೆ ಕಾಗದದಲ್ಲಿ ಸುತ್ತಿಡ್ತಿದ್ದ,” ಎಂದರು. ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು.

ಎಲ್ಲರಿಗೂ ಬಡಿಸಿ, ಅವರೆದ್ದ ಮೇಲೆ ತಾನು ಕೂರುವುದು ಅವಳ ವಾಡಿಕೆ. ಊಟಕ್ಕೆ ಮುನ್ನ ಗಟಗಟನೆ ಒಂದು ಚೊಂಬು ನೀರು ಕುಡಿಯುವಳೆಂದು ಮನೆಯವರು ಅವಳನ್ನು ‘ಒಂಟೆ’ ಎಂದು ಗೇಲಿ ಮಾಡುತ್ತಿದ್ದರು.

ಆ ಸಂಜೆ ಅವಳು ಯಂತ್ರದ ಮೇಲೆಯೇ ಕುಸಿದಳು. ವೈದ್ಯರು ನಾಡಿ ಹಿಡಿದು, “ತುಂಬಾ ನಿಶ್ಶಕ್ತಿ. ಎರಡು ದಿನ ಹಾಸಿಗೆ ಬಿಟ್ಟು ಏಳಬಾರದು,” ಎಂದರು.

ಮರುದಿನ ಅಡುಗೆ ಅವನದಾಯಿತು. ಅದೇ ಲೋಟ, ಅದೇ ಬೆರಳು. ಮಲಗಿದವಳಿಗೆ ಮೊದಲು ಕೊಟ್ಟು, ತಾಯಿಗೂ ಮಗಳಿಗೂ ಬಡಿಸಿದನು.

“ಅಪ್ಪಾ, ಇನ್ನೊಂದು ಸ್ವಲ್ಪ,” ಎಂದಳು ಮಗಳು. “ಅಮ್ಮ ಆದ್ರೆ ಕೇಳೋಕೆ ಮುಂಚೆನೇ ಹಾಕ್ತಾಳೆ.”

ಹಾಕಿದನು. ತಾಯಿಯೂ ತಟ್ಟೆ ಮುಂದೆ ಸರಿಸಿದರು. ಅವರಿಬ್ಬರೂ ಎದ್ದ ಮೇಲೆ ತನ್ನ ತಟ್ಟೆಯನ್ನು ಹಿಡಿದು ಪಾತ್ರೆಯೊಳಗೆ ಸೌಟು ಇಳಿಸಿದಾಗ, ಲೋಹಕ್ಕೆ ಲೋಹ ತಗುಲಿ ಒಂದು ಟೊಳ್ಳು ನಾದ ಹೊಮ್ಮಿತು.

ಪಕ್ಕದ ಕೋಣೆಯಲ್ಲಿ ಹೆಂಡತಿಗೆ ಅರೆನಿದ್ರೆ. ಆ ಸದ್ದು ಅವಳ ಕನಸಿನೊಳಗೆ ಇಳಿದಿರಬೇಕು. ಕಣ್ಣು ತೆರೆಯದೆಯೇ ಅವಳು ಮೆಲುದನಿಯಲ್ಲಿ, “ಸ್ವಲ್ಪ ಬಿಸಿನೀರು ಹಾಕಿ ಕುಲುಕಬೇಕು... ತಳಕ್ಕೆ ಅಂಟಿದ್ದೆಲ್ಲ ಬಿಡುತ್ತೆ. ಒಂದು ಚಿಟಿಕೆ ಉಪ್ಪು. ಮೊದ್ಲು ಹೊಟ್ಟೆ ತುಂಬ ನೀರು ಕುಡಿದ್ರೆ, ಆಮೇಲೆ ಅದೇ ಸಾಕಾಗುತ್ತೆ,” ಎಂದಳು.

“ಎಷ್ಟು ದಿನದಿಂದ?” ಎಂದು ಬಾಗಿಲಲ್ಲಿ ನಿಂತು ಕೇಳಿದನು.

ಅವಳು ಮತ್ತೆ ನಿದ್ರೆಗೆ ಜಾರಿದ್ದಳು. ಅವನು ಪಾತ್ರೆಗೆ ಬಿಸಿನೀರು ಸುರಿದು, ಉಪ್ಪು ಬೆರೆಸಿ, ನಿಂತಲ್ಲೇ ಕುಡಿದನು.

ಮಧ್ಯಾಹ್ನ ತನ್ನ ರಿಪೇರಿ ಅಂಗಡಿಯಲ್ಲಿ ಕುಳಿತಾಗ ಅವನಿಗೆ ಹಸಿವಿನ ಮಂಪರು ಕವಿಯಿತು. ಗೋಡೆಯ ಗಡಿಯಾರಗಳೆಲ್ಲ ತಮ್ಮ ತಮ್ಮ ವೇಳೆಯನ್ನು ತೋರುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಆ ನಾದ ಕ್ರಮೇಣ ಕರಗಿ, ಕಾಳುಗಳು ಡಬ್ಬಿಗೆ ಮರಳುವ ಸರಸರ ಸದ್ದಾಯಿತು. ಅವನು ಬೆಚ್ಚಿ ಕಣ್ಣು ತೆರೆದನು. ಬಲಗೈಯ ತೋರುಬೆರಳು ತಾನೇ ತಾನಾಗಿ ಮೇಜಿನ ಅಂಚನ್ನು ಸವರುತ್ತಿತ್ತು.

ಮರುದಿನ ಬೆಳಗ್ಗೆ ಲೋಟದ ಮೇಲೆ ಅಕ್ಕಿ ಪುಟ್ಟ ಗೋಪುರದಂತೆ ನಿಂತಿತು. ಮೇಲೆದ್ದ ಬೆರಳನ್ನು ಅವನು ಮಡಚಿಕೊಂಡನು. ಗೋಪುರ ಹಾಗೆಯೇ ಪಾತ್ರೆಗಿಳಿಯಿತು. ಅದರ ಹಿಂದೆಯೇ ಮತ್ತೆರಡು ಹಿಡಿ.

“ರೀ, ಇವತ್ತು ಸವರೋ ಸದ್ದೇ ಕೇಳಲಿಲ್ಲ?” ಹಾಸಿಗೆಯಿಂದ ಹೆಂಡತಿ ಕೇಳಿದಳು.

“ಬೆರಳು ನೋಯ್ತಾ ಇದೆ ಕಣೇ,” ಎಂದನು.

ಊಟದ ಹೊತ್ತಿಗೆ ಅವಳ ಹಾಸಿಗೆಯ ಸುತ್ತಲೇ ಎಲ್ಲರ ತಟ್ಟೆಗಳೂ ಬಂದವು. ಬಡಿಸಿ ಮುಗಿದರೂ ಪಾತ್ರೆಯಲ್ಲಿ ಇನ್ನೊಂದು ಸೌಟು ಅನ್ನ ಹಬೆಯಾಡುತ್ತಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಮುಟ್ಟದೆ ತಟ್ಟೆಗೆ ಕೈಯಿಟ್ಟಳು.